ಸಿಂಚನಳ ಹಲಗೆಯಲ್ಲಿ ಖಾಲಿ ಉಳಿದ ಚೌಕ

ಗುರುವಾರ ಬೆಳಿಗ್ಗೆ ಹಾಸನದ ಬಸ್ ಸ್ಟ್ಯಾಂಡ್ ತಲುಪುವಷ್ಟರಲ್ಲಿ ಜೂನ್ ತಿಂಗಳ ಜಿಟಿಜಿಟಿ ಮಳೆ ಹಿಡಿದುಕೊಂಡಿತ್ತು. ಒಂದು ಕೈಯಲ್ಲಿ ಛತ್ರಿ, ಹೆಗಲಿಗೆ ಬಟ್ಟೆಯ ಬ್ಯಾಗು, ಎದೆಗೆ ಅವಚಿಕೊಂಡ ಒಂದು ಹಲಗೆ. ಮಳೆಹನಿ ತಾಗದಿರಲೆಂದು ಅದನ್ನು ಹಳೆಯ ಟರ್ಕಿ ಟವೆಲ್ಲಿನಲ್ಲಿ ಸುತ್ತಿದ್ದೆ. ಹೊಳೆನರಸೀಪುರದ ಬಸ್ ಹತ್ತಿದೆ. ಕಂಡಕ್ಟರ್ ನನ್ನ ಆಧಾರ್ ಕಾರ್ಡ್ ನೋಡಿ, ಹೆಂಗಸರ ಜೀರೋ ಟಿಕೆಟ್ ಕೊಟ್ಟು, ಟವೆಲ್ಲಿನ ಗಂಟನ್ನೇ ದಿಟ್ಟಿಸಿದ.

“ಏನಜ್ಜಿ ಅದು? ಮೊಮ್ಮಗೂನ ಸುತ್ಕೊಂಡಂಗೆ ಸುತ್ಕೊಂಡಿದೀರಾ?”

“ಇದು ಮಾತಾಡೋ ಹಲಗೆ ಕಣಪ್ಪಾ.”

“ಮಾತಾಡ್ತದಾ? ಅಂಗಾರೆ ಇದುಕ್ಕೂ ಒಂದ್ ಟಿಕೆಟ್ ಅರೀಬೇಕಾಯ್ತದೆ” ಎಂದು ನಕ್ಕು ಮುಂದೆ ಹೋದ.

ತಮಾಷೆಗೆ ಹೇಳಿದ್ದಲ್ಲ, ಅದು ನಿಜಕ್ಕೂ ಮಾತಾಡುವ ಹಲಗೆ. ಟೀ ಟ್ರೇಯಷ್ಟು ಅಗಲ, ಮೇಲೆ ಹದಿನಾರು ಚೌಕಗಳು. ಒಂದೊಂದು ಚೌಕದ ಮೇಲೂ ಒಂದೊಂದು ಚಿತ್ರ. ಅಂಚಿನಲ್ಲಿರುವ ಕೆಂಪು ಗುಂಡಿಯನ್ನೂ ಚೌಕವನ್ನೂ ಒಟ್ಟಿಗೆ ಒತ್ತಿ ನಾವು ಏನಾದರೂ ಹೇಳಿದರೆ ಆ ಚೌಕದಲ್ಲಿ ನಮ್ಮ ದನಿ ಉಳಿದುಬಿಡುತ್ತದೆ. ಆಮೇಲೆ ಮಗು ಆ ಚೌಕವನ್ನು ಮುಟ್ಟಿದಾಗಲೆಲ್ಲ ಹಲಗೆ ಅದನ್ನೇ ಹೇಳುತ್ತದೆ. ಬಾಯಿಂದ ಮಾತು ಹೊರಡದ ಮಕ್ಕಳಿಗಾಗಿ ಮಾಡಿದ್ದು. ಕಾನ್ವೆಂಟಿನಲ್ಲಿ ಓದಿ, ಅಂಥದೇ ಕಾನ್ವೆಂಟಿನಲ್ಲಿ ಪಾಠ ಹೇಳಿ ರಿಟೈರ್ ಆದ ಮೇಲೆ ನಾನು ಹಾಸನದಲ್ಲಿ ವಿಶೇಷಚೇತನ ಮಕ್ಕಳ ಒಂದು ಸೆಂಟರಿಗೆ ಹೋಗಿ ಬರುತ್ತೇನೆ. ಅಲ್ಲಿಗೆ ಬಂದ ಇಂಥ ಕೆಲವು ಹಲಗೆಗಳಲ್ಲಿ ಇದೊಂದು ಸಿಂಚನಳ ಪಾಲಿಗೆ ಬಂದಿತ್ತು.

ಸಿಂಚನಳದು ಅರಕಲಗೂಡು ತಾಲ್ಲೂಕಿನ ಮಲ್ಲಿಪಟ್ಟಣದ ಹತ್ತಿರ ಒಂದು ಹಳ್ಳಿ. ವಯಸ್ಸು ಒಂಬತ್ತು. ಹುಟ್ಟುವಾಗ ಉಸಿರು ಕಟ್ಟಿ ಮೈಯೆಲ್ಲ ಬಿಗಿದುಕೊಂಡಿದೆ. ನಡೆಯಲಾಗದು, ನಾಲಿಗೆ ಹೊರಳದು. ಆದರೆ ಕಿವಿ ಚುರುಕು, ಬುದ್ಧಿ ಇನ್ನೂ ಚುರುಕು. ಎಡಗೈ ಮುಷ್ಟಿ ಮಾತ್ರ ಅವಳು ಹೇಳಿದಂತೆ ಕೇಳುತ್ತದೆ. ವಾರಕ್ಕೊಮ್ಮೆ ಮನೆಗೆ ಬರುವ ಟೀಚರ್ ಒಬ್ಬರು ಅಕ್ಷರ, ಕೂಡೋ ಲೆಕ್ಕ, ಕಳೆಯೋ ಲೆಕ್ಕ ಎಲ್ಲ ಕಲಿಸಿದ್ದರು. ಸರಿಯಾದ ಉತ್ತರವನ್ನು ಅವಳು ಕಣ್ಣಲ್ಲೇ ತೋರಿಸುತ್ತಿದ್ದಳು. ಈಗ ಅವಳ ಅಮ್ಮ ಭಾಗ್ಯಳಿಗೆ ಒಂದೇ ಹಂಬಲ: ಮಗಳು ಮಿಕ್ಕ ಮಕ್ಕಳ ಜೊತೆ ಕ್ಲಾಸಿನಲ್ಲಿ ಕೂರಬೇಕು. ಭಾಗ್ಯಳ ತವರು ಚನ್ನರಾಯಪಟ್ಟಣ. ಆ ಮನೆಯ ಹಿಂದಿನ ಬೀದಿಯಲ್ಲೇ ಒಂದು ಶಾಲೆ ಇತ್ತು, ವ್ಹೀಲ್‌ಚೇರ್ ಹತ್ತಿಸುವುದಕ್ಕೆ ರ‍್ಯಾಂಪೂ ಇತ್ತು. ಮಗಳಿಗೆ ಜಾಗ ಸಿಕ್ಕರೆ ಭಾಗ್ಯ ಅವಳ ಜೊತೆ ತವರಿನಲ್ಲೇ ಉಳಿಯುವುದೆಂದು ಮಾತಾಗಿತ್ತು. ಆ ಶಾಲೆಯ ಹೆಡ್‌ಮಿಸ್ ಫೋನಿನಲ್ಲಿ ಖಡಾಖಂಡಿತವಾಗಿ ಹೇಳಿದ್ದರು:

“ಹೆಸರು ಸೇರಿಸ್ಕೊಳ್ಳೋದಕ್ಕೆ ನನ್ನದೇನೂ ಅಡ್ಡಿಯಿಲ್ಲಮ್ಮ. ಆದ್ರೆ ದಿನಾ ಕ್ಲಾಸಿಗೆ ಬರೋದಾ, ಮನೆಯಲ್ಲೇ ಪಾಠವಾ ಅನ್ನೋದನ್ನ ಮಗು ನೋಡಿ ಹೇಳ್ತೀನಿ. ಶನಿವಾರ ನಾಲ್ಕನೇ ಕ್ಲಾಸಿನಲ್ಲಿ ಕೂರಿಸೋಣ. ಉತ್ತರ ಅವಳೇ ಕೊಡ್ಬೇಕು. ಪಕ್ಕದಲ್ಲಿ ಅಮ್ಮ ನಿಂತು ಹೇಳಿಕೊಡೋ ಹಾಗಿಲ್ಲ.”

ಮೇ ತಿಂಗಳಲ್ಲಿ ಮೊದಲ ಸಲ ಈ ಹಲಗೆಯನ್ನು ಒಯ್ದಾಗ ನಾನೇ ಎಲ್ಲ ಚೌಕಗಳನ್ನೂ ತುಂಬಿದ್ದೆ. ಎಲೊಕ್ಯೂಷನ್‌ನಲ್ಲಿ ಪ್ರೈಜ್ ತೆಗೆದುಕೊಂಡವಳಲ್ಲವೇ! ‘ನನಗೆ ಬಾಯಾರಿಕೆಯಾಗಿದೆ, ದಯವಿಟ್ಟು ನೀರು ಕೊಡಿ’ ಎಂದು ಒಂದೊಂದು ಅಕ್ಷರವನ್ನೂ ತೊಳೆದಿಟ್ಟಂತೆ ಹೇಳಿದ್ದೆ. ಸಿಂಚನ ಒಂದೇ ಒಂದು ಸಲ ಒತ್ತಿದಳು. ಅವಳ ಅಜ್ಜಿ ಒಲೆಯ ಮುಂದಿಂದ ಎದ್ದು ಬಂದು, “ಅಯ್ಯೋ ಶಿವನೇ, ನಮ್ ಕೂಸಿಗೆ ಮುದ್ಕಿ ದನಿ ಬಂದ್ಬುಡ್ತಲ್ಲಾ!” ಎಂದರು. ಸಿಂಚನ ಮುಷ್ಟಿಯನ್ನು ಹೊಟ್ಟೆಗೆ ಒತ್ತಿ ಹಿಡಿದವಳು ಮತ್ತೆ ಆ ಹಲಗೆಯನ್ನು ಮುಟ್ಟಲಿಲ್ಲ. ವಾರವೆಲ್ಲ ಮೂಲೆ ಸೇರಿದ್ದ ಅದನ್ನು ವಾಪಸ್ ತಂದು ನನ್ನ ದನಿಯನ್ನೆಲ್ಲ ಅಳಿಸಿದ್ದೆ. ಆದ್ದರಿಂದ ಈ ಸಲ ಅಮ್ಮನ ದನಿ ತುಂಬಿಸೋಣವೆಂದು ಹೊರಟಿದ್ದೆ.

ಅರಕಲಗೂಡಿಗೆ ನೇರವಾಗಿ ಹೋಗಬಹುದಿತ್ತು. ಹೊಳೆನರಸೀಪುರದ ಸುತ್ತುದಾರಿ ಹಿಡಿದದ್ದು ಚಿತ್ರಗಳಿಗಾಗಿ. ಹಲಗೆಯ ಜೊತೆಗೆ ಬಂದ ಚಿತ್ರಗಳಲ್ಲಿ ಬಾತ್‌ಟಬ್ಬು, ಬ್ರೆಡ್ಡು, ಚಿನ್ನದ ಕೂದಲಿನ ಒಬ್ಬ ಟೀಚರ್. ಸಿಂಚನ ಅವನ್ನೆಲ್ಲ ಎಲ್ಲಿ ಕಂಡಿದ್ದಾಳೆ? ಹೋದ ತಿಂಗಳೇ ನನ್ನ ಮೊಬೈಲಿನಲ್ಲಿ ಅವಳ ಮನೆಯ ಜನರದು, ತಂಬಿಗೆಯದು, ಬಚ್ಚಲುಮನೆಯದು ಫೋಟೋ ತೆಗೆದು, ಹೊಳೆನರಸೀಪುರದಲ್ಲಿ ಸ್ಟುಡಿಯೋ ಇಟ್ಟಿರುವ ನನ್ನ ಹಳೆಯ ಸ್ಟೂಡೆಂಟ್ ಮಂಜುವಿಗೆ ಕಳಿಸಿದ್ದೆ.

ಒಂದು ಗಂಟೆಯ ದಾರಿ. ಇಳಿದು ಸ್ಟುಡಿಯೋ ಹುಡುಕಿಕೊಂಡು ಹೋದೆ. ಮಂಜು ಲ್ಯಾಮಿನೇಷನ್ ಮಾಡಿದ ಚಿತ್ರಗಳನ್ನು ಹೆಮ್ಮೆಯಿಂದ ಟೇಬಲ್ ಮೇಲೆ ಹರಡಿದ. ಭಾಗ್ಯ ಹಾಲಿನಂತೆ ಬೆಳ್ಳಗಾಗಿದ್ದಳು, ಗಲ್ಲದ ಮಚ್ಚೆ ಮಾಯವಾಗಿತ್ತು. ಅಜ್ಜಿಯ ಹಿಂದೆ ಹಿಮದ ಬೆಟ್ಟ. ನೀರಿನ ತಂಬಿಗೆಯ ಸುತ್ತ ಗುಲಾಬಿ ಹೂವು.

“ಟಚ್‌ಅಪ್ ಮಾಡಿದೀನಿ ಮಿಸ್. ಎಕ್ಸ್‌ಟ್ರಾ ಚಾರ್ಜ್ ಏನೂ ಇಲ್ಲ.”

“ಮಂಜು, ಮಗು ಇದರಲ್ಲಿ ತನ್ನ ಅಮ್ಮನನ್ನ ಗುರುತು ಹಿಡೀಬೇಕಪ್ಪಾ!”

“ಅಯ್ಯೋ ಮಿಸ್, ಇದ್ದಂಗೇ ಪ್ರಿಂಟ್ ಕೊಟ್ರೆ ನಮ್ಮೂರಲ್ಲಿ ಒಬ್ರೂ ತಗಳಲ್ಲ. ನಾನಾ ಇದು, ಬ್ಯಾರೆಯೋರ್ದು ಕೊಟ್ಟಿದೀಯ ಅಂತ ಜಗಳಕ್ಕೇ ಬತ್ತಾರೆ.”

ಕೊನೆಗೆ ತಲೆ ಕೆರೆದುಕೊಂಡು ಎಲ್ಲವನ್ನೂ ಇದ್ದ ಹಾಗೇ ಮತ್ತೆ ಪ್ರಿಂಟ್ ಮಾಡಿಕೊಟ್ಟ. ಅಷ್ಟರಲ್ಲಿ ನಾನು ಎದುರಿನ ಹೋಟೆಲಿನಲ್ಲಿ ತಟ್ಟೆ ಇಡ್ಲಿ ತಿಂದು, ಹದಿನೈದು ರೂಪಾಯಿಯ ಕಾಫಿ ಕುಡಿದು, ಹೇಮಾವತಿಯ ಕಡೆಗೆ ಒಂದು ಸುತ್ತು ಹಾಕಿ ಬಂದೆ. ಹೊಳೆಯಲ್ಲಿ ಹೊಸ ನೀರು ಕೆಂಪಗೆ ಬರುತ್ತಿತ್ತು. ಹೊರಡುವಾಗ ಮಂಜು ಬೆಳ್ಳಗಾಗಿದ್ದ ಭಾಗ್ಯಳ ಫೋಟೋವನ್ನೂ ಬ್ಯಾಗಿಗೆ ತುರುಕಿ, “ಇದ್ನ ಅವ್ರಿಗೇ ಕೊಡಿ ಮಿಸ್. ಬೈಯ್ತಾರೋ ಖುಷಿ ಪಡ್ತಾರೋ ನೋಡಿ” ಎಂದ. ದುಡ್ಡು ಮಾತ್ರ ಎಷ್ಟು ಹೇಳಿದರೂ ಮುಟ್ಟಲಿಲ್ಲ.

ಅರಕಲಗೂಡಿಗೆ ಬಂದಾಗ ಮಧ್ಯಾಹ್ನ. ಊರೆಲ್ಲ ಬಿತ್ತನೆ ಆಲೂಗಡ್ಡೆಯ ಗಡಿಬಿಡಿ. ಬಸ್ ಸ್ಟ್ಯಾಂಡಿನ ಹೊರಗೆ ಸಿಂಚನಳ ಅಪ್ಪ ಸೋಮಶೇಖರ ತನ್ನ ಲಗೇಜ್ ಆಟೋ ನಿಲ್ಲಿಸಿಕೊಂಡು ಕಾಯುತ್ತಿದ್ದರು. ಹಣೆಯಲ್ಲಿ ವಿಭೂತಿ, ಮೊಣಕಾಲವರೆಗೆ ಕೆಸರು. ಸ್ವಂತ ಜಮೀನಿನಲ್ಲಿ ಆಲೂಗಡ್ಡೆ, ಶುಂಠಿ. ಬಿಡುವಿದ್ದಾಗ ಬಾಡಿಗೆ ಓಡಿಸುತ್ತಾರೆ.

“ಬನ್ನಿ ಮಿಸ್, ಮುಂದ್ಗಡೆ ಕೂತ್ಕಳಿ. ಇಂದ್ಗಡೆ ಆಲೂಗೆಡ್ಡೆ, ಮುಂದ್ಗಡೆ ಮೇಡಮ್ಮು. ಇವತ್ತು ನನ್ ಗಾಡೀಗೆ ಭಾರಿ ಮರ್ವಾದೆ.”

ದಾರಿಯುದ್ದಕ್ಕೂ ಮಳೆ ಬಿಟ್ಟು ಬಿಟ್ಟು ಬರುತ್ತಿತ್ತು. ಅವರು ವೈಪರನ್ನು ಕೈಯಲ್ಲೇ ತಳ್ಳುತ್ತ ಹೇಳಿದರು: “ದೊಡ್ಡ್ ಆಸೆ ಏನಿಲ್ಲ ಮಿಸ್ ನಂಗೆ. ಎಲ್ಲಾರ್ ಮಕ್ಳಂಗೆ ಬ್ಯಾಗ್ ಆಕ್ಕಂಡು ಬೆಳಿಗ್ಗೆ ಓಗ್ಬೇಕು. ಸಾಯಂಕಾಲ ಯಾರ್ ಕೂಟಾನಾದ್ರೂ ಜಗಳ ಆಡ್ಕಂಡು ಬರ್ಬೇಕು. ಅಷ್ಟಾದ್ರೆ ಸಾಕು ಕಣ್ರಿ. ಇಷ್ಟ್ ದಿನ ಅವ್ಳ್ ಜತೆ ಜಗಳ ಆಡಕ್ಕೆ ಯಾರವ್ರೆ? ನಾವೆಲ್ಲ ಮುದ್ದು ಮಾಡೋರೇ.”

ಮನೆ ತಲುಪಿದಾಗ ಸಿಂಚನ ಜಗುಲಿಯ ಮೇಲೆ ವ್ಹೀಲ್‌ಚೇರಿನಲ್ಲಿದ್ದಳು. ನನ್ನನ್ನು ಕಂಡು ಬಾಯಿ ತುಂಬ ನಕ್ಕಳು, ಟವೆಲ್ಲಿನ ಗಂಟನ್ನು ಕಂಡು ಮುಖ ತಿರುಗಿಸಿದಳು. “ಇಲ್ಲಮ್ಮಾ, ಈ ಸಲ ಮುದುಕಿ ದನಿ ಅಲ್ಲ. ನಿಮ್ಮಮ್ಮನ ದನಿ” ಎಂದೆ. ಕಣ್ಣು ತಟ್ಟನೆ ಅಮ್ಮನ ಕಡೆ ಹೋಯಿತು. ಭಾಗ್ಯ ಅಷ್ಟು ಹೊತ್ತಿಗೆ ತನ್ನ ಬೆಳ್ಳನೆ ಫೋಟೋ ಹಿಡಿದುಕೊಂಡು ಕಿಟಕಿಯ ಬೆಳಕಿಗೆ ನಿಂತಿದ್ದಳು. ಬೈಯಲಿಲ್ಲ. ಐದು ನಿಮಿಷದಲ್ಲಿ ಅದು ಗೋಡೆಯ ಮೇಲೆ, ದೇವರ ಫೋಟೋಗಳ ಸಾಲಿನ ಪಕ್ಕದಲ್ಲಿತ್ತು.

ಹೊಸ ಚಿತ್ರಗಳನ್ನು ಚೌಕಗಳ ಮೇಲೆ ಸೇರಿಸಿ, ಯಾವ ಚಿತ್ರಕ್ಕೆ ಏನು ಹೇಳಬೇಕೆಂದು ಭಾಗ್ಯಳಿಗೆ ಹೇಳಿಕೊಟ್ಟೆ. ಸಿಂಚನಳ ಫೋಟೋಗೆ ಅವಳ ಹೆಸರು, ಆಟೋ ಪಕ್ಕದಲ್ಲಿ ನಿಂತ ಅಪ್ಪನ ಫೋಟೋಗೆ ಅಪ್ಪನ ಹೆಸರು, ಅಮ್ಮ, ಅಜ್ಜಿ, ನೀರು, ಬಚ್ಚಲು, ಬೇಕು, ಬೇಡ, ಗೊತ್ತಿಲ್ಲ, ಇನ್ನೊಂದು ಸಲ ಹೇಳಿ. ಮಿಸ್ ಬೋರ್ಡಿನ ಮೇಲೆ ಮೂರು ಉತ್ತರ ಬರೆದರೆ ಆರಿಸುವುದಕ್ಕೆ ಒಂದನೇದು, ಎರಡನೇದು, ಮೂರನೇದು. ಕೊನೆಯ ಒಂದು ಚೌಕವನ್ನು ಆಮೇಲೆ ನೋಡೋಣ ಎಂದು ಬಿಟ್ಟೆ.

ಮೊದಲ ಎರಡು ಚೌಕ ಹೇಳುವಷ್ಟರಲ್ಲಿ ಭಾಗ್ಯ ಸೆರಗು ಬಾಯಿಗಿಟ್ಟು ನಕ್ಕು ನಕ್ಕು ಸುಸ್ತಾದಳು. “ಮಿಸ್, ನೀವ್ ಎದುರ್ಗಿದ್ರೆ ನಂಗೆ ನಗಾ ಬತ್ತದೆ. ಇವ್ರುನೂ ಆಚೆ ಕರ್ಕಂಡೋಗಿ. ಕೆಂಪ್ ಗುಂಡಿ ಒತ್ತದು, ಯೋಳದು, ಬುಡದು, ಅಷ್ಟೇ ತಾನೆ? ನಾನೇ ಮಾಡ್ತೀನಿ.”

‘ಇವ್ರು’ ಎಂದರೆ ಸೋಮಶೇಖರ. ನಾವಿಬ್ಬರೂ ಜಗುಲಿಗೆ ಬಂದೆವು. ಒಳಗಿನಿಂದ ತುಂಡು ತುಂಡಾಗಿ ಭಾಗ್ಯಳ ದನಿ, ನಡುನಡುವೆ ನಗು. ಮುಗಿಸಿ ಹೊರಗೆ ಬಂದವಳ ಮುಖ ಕೆಂಪಾಗಿತ್ತು. “ಎಲ್ಲಾ ಆಯ್ತು ಮಿಸ್” ಎಂದವಳು, ಆತುರದಲ್ಲಿ ಬೇರೆ ಮಾತು ತೆಗೆದಳು: “ಶನ್ವಾರ ಒಪ್ಕಂಡ್ರೆ ಭಾನ್ವಾರದ್ ಮಾರ್ನೇ ದಿನದಿಂದ್ಲೇ ಸ್ಕೂಲಿಗೋಗ್ಬೋದಾ?” ಭಾನುವಾರದ ಮಾರನೇ ದಿನ! ಎಷ್ಟು ಚೆನ್ನಾಗಿ ಹೇಳುತ್ತಾಳೆ ಎಂದುಕೊಂಡೆನೇ ಹೊರತು, ಯಾಕೆ ಹಾಗೆ ಹೇಳುತ್ತಾಳೆ ಎಂದು ನನ್ನ ಇಂಗ್ಲಿಷ್ ಮೀಡಿಯಂ ತಲೆಗೆ ಹೊಳೆಯಲಿಲ್ಲ.

ಹಲಗೆಯನ್ನು ಸಿಂಚನಳ ತೊಡೆಯ ಮೇಲಿಟ್ಟೆ. ಮುಷ್ಟಿ ಮೆಲ್ಲಗೆ ಎದ್ದು, ತೂಗಿ, ‘ಬೇಡ’ದ ಮೇಲೆ ಬಿತ್ತು. “ಬ್ಯಾಡ ಅಂದ್ರೆ ಬ್ಯಾಡ!” ಎಂದಿತು ಹಲಗೆ, ಥೇಟ್ ಭಾಗ್ಯಳ ಗದರಿಕೆಯಲ್ಲಿ. ಸಿಂಚನ ಬೆಚ್ಚಿದಳು, ಅಮ್ಮನ ಬಾಯಿ ನೋಡಿದಳು, ಅದು ಮುಚ್ಚಿತ್ತು. ಮತ್ತೆ ಒತ್ತಿದಳು. ಆಮೇಲೆ ಅವಳು ನಕ್ಕ ನಗು! ಮೈಯೆಲ್ಲ ಸೆಟೆದು, ಕುರ್ಚಿ ಅಲುಗಾಡುವ ಹಾಗೆ ನಕ್ಕಳು.

ಖಾಲಿ ಬಿಟ್ಟಿದ್ದ ಕೊನೆಯ ಚೌಕವನ್ನು ಅವಳೇ ದಿಟ್ಟಿಸುತ್ತಿದ್ದಳು. “ಸ್ಕೂಲಲ್ಲಿ ಯಾರಾರ ಕೀಟ್ಲೆ ಮಾಡುದ್ರೆ ಏನ್ ಮಗಾ ಮಾಡ್ತೀಯ?” ಎಂದು ಸೋಮಶೇಖರ ಅವಳ ಜಡೆ ಎಳೆದರು. ಕಣ್ಣು ಚೌಕಕ್ಕೆ, ಅಲ್ಲಿಂದ ಅಮ್ಮನಿಗೆ. ಭಾಗ್ಯಳಿಗೆ ಅರ್ಥವಾಯಿತು. ಕೆಂಪು ಗುಂಡಿ ಒತ್ತಿ, “ಏಯ್, ಸುಮ್ಕೆ ಕೂತ್ಕಳಲಾ!” ಎಂದಳು. ಅದನ್ನು ಸಿಂಚನ ಮೊದಲು ಪ್ರಯೋಗಿಸಿದ್ದು ಅಪ್ಪನ ಮೇಲೆಯೇ. ಅಜ್ಜಿ ಕಣ್ಣೊರೆಸಿಕೊಂಡು, “ಈಗಾಯ್ತು ನೋಡು ನಮ್ಮನೆ ಕೂಸು” ಎಂದರು. ನಂತರ ಅಕ್ಕಿರೊಟ್ಟಿ, ಹುಚ್ಚೆಳ್ಳು ಚಟ್ನಿ, ಹುರುಳಿಕಾಳಿನ ಸಾರು. ಎಲ್ಲ ಚೌಕಗಳನ್ನೂ ಒಂದು ಸಲ ಕೂತು ಕೇಳಬೇಕೆಂದಿದ್ದವಳು ರೊಟ್ಟಿಯ ಘಮಕ್ಕೆ ಮರೆತೇಬಿಟ್ಟೆ.

ಶುಕ್ರವಾರ ಬೆಳಿಗ್ಗೆ ತಿಂಡಿ ಮುಗಿಸಿ ಚನ್ನರಾಯಪಟ್ಟಣಕ್ಕೆ ಹೊರಟೆವು. ಅಜ್ಜಿ ದನಕರು ನೋಡಿಕೊಳ್ಳಲು ಮನೆಯಲ್ಲೇ ಉಳಿದರು. ಅರಕಲಗೂಡಿನಲ್ಲಿ ಬಸ್ ಬದಲಿಸಿ ಹೊಳೆನರಸೀಪುರಕ್ಕೆ, ಅಲ್ಲಿ ಮತ್ತೆ ಬದಲಿಸಿ ಚನ್ನರಾಯಪಟ್ಟಣಕ್ಕೆ. ಪ್ರತಿ ಸಲವೂ ಸೋಮಶೇಖರ ಮಗಳನ್ನು ಎತ್ತಿಕೊಂಡು ಹತ್ತುವುದು, ವ್ಹೀಲ್‌ಚೇರನ್ನು ಮಡಿಸಿ ಡ್ರೈವರ್ ಹಿಂದೆ ನಿಲ್ಲಿಸುವುದು. ಹೊಳೆನರಸೀಪುರ ಬಿಟ್ಟ ಮೇಲೆ ಕಂಡಕ್ಟರ್ ಬಂದು ನನಗೂ ಭಾಗ್ಯಳಿಗೂ ಜೀರೋ ಟಿಕೆಟ್ ಕೊಟ್ಟು ತಿರುಗಿದ. ಹಿಂದಿನಿಂದ ಗಟ್ಟಿಯಾಗಿ ದನಿ ಬಂತು: “ನಂಗೂ ಬೇಕು!”

ಕಂಡಕ್ಟರ್ ಭಾಗ್ಯಳ ಕಡೆ ತಿರುಗಿ, “ಕೊಟ್ನಲ್ಲಮ್ಮಾ!” ಎಂದ.

“ನಾನಲ್ಲ ಸಾ. ಅವ್ಳು.”

ಸಿಂಚನ ಇನ್ನೊಂದು ಸಲ ಒತ್ತಿದಳು. ಕಂಡಕ್ಟರ್ ಹಲಗೆಯನ್ನೂ ಅವಳನ್ನೂ ನೋಡಿದ. “ಓಹೋ! ತಪ್ಪಾಯ್ತು ಕಣವ್ವಾ. ತಗೋ, ನಿಂದೂ ಒಂದು ಪ್ರಯಾಣ” ಎಂದು ಅವಳ ಹೆಸರಿಗೂ ಒಂದು ಟಿಕೆಟ್ ಹರಿದು ಮುಷ್ಟಿಯೊಳಗೆ ಸಿಕ್ಕಿಸಿದ. “ಈ ಬಸ್ಸಲ್ಲಿ ದುಡ್ ಕೊಡೋನು ನಾನೊಬ್ನೇ” ಎಂದು ಸೋಮಶೇಖರ ಜೇಬಿಗೆ ಕೈ ಹಾಕಿದರು.

ದಾರಿಯಲ್ಲಿ ತೆಂಗಿನ ತೋಟಗಳು ದಟ್ಟವಾಗುತ್ತ ಬಂದವು. ಸಿಂಚನ ಮತ್ತೆ ಮತ್ತೆ ಅಪ್ಪನ ಫೋಟೋದ ಮೇಲೆ ಮುಷ್ಟಿ ಊರುತ್ತಿದ್ದಳು. ಹಲಗೆ ಟಿಕ್ ಎನ್ನುತ್ತಿತ್ತು, ಅಷ್ಟೇ. ಬಸ್ಸಿನ ಸದ್ದಿನಲ್ಲಿ ಮಾತು ಕೇಳಿಸುತ್ತಿಲ್ಲವೇನೋ ಎಂದುಕೊಂಡೆ. “ಏನ್ ಮಗಾ, ನನ್ ಮುಖುಕ್ಕೇ ಗುದ್ತಾ ಇದೀಯಲ್ಲ” ಎಂದು ಅಪ್ಪ ನಕ್ಕರು. ಭಾಗ್ಯ ಕಿಟಕಿಯ ಆಚೆಗೆ ನೋಡುತ್ತಿದ್ದಳು.

ಶನಿವಾರ ಬೆಳಗಿನ ಶಾಲೆ. ಮಳೆ ನಿಂತು ಬಿಸಿಲು ಬಂದಿತ್ತು. ಭಾಗ್ಯ ಮಗಳಿಗೆ ಹೊಸ ಯೂನಿಫಾರ್ಮ್ ಹಾಕಿ, ಎರಡು ಜಡೆಗೂ ರಿಬ್ಬನ್ ಕಟ್ಟಿದ್ದಳು. ರ‍್ಯಾಂಪಿನ ಮೇಲೆ ವ್ಹೀಲ್‌ಚೇರ್ ಗಡಗಡ ಏರಿತು. ಹೆಡ್‌ಮಿಸ್ ಎತ್ತರದ ಹೆಂಗಸು, ಮಾತು ಕಡಿಮೆ. ಸೋಮಶೇಖರ ವರಾಂಡದ ಆ ತುದಿಯ ಕಂಬದ ಹತ್ತಿರವೇ ನಿಂತರು. ಭಾಗ್ಯ ಕ್ಲಾಸಿನ ಬಾಗಿಲಲ್ಲಿ. ನಾನು ಹಿಂದಿನ ಬೆಂಚಿನಲ್ಲಿ.

ಮಕ್ಕಳೆಲ್ಲ ಕತ್ತು ಹೊರಳಿಸಿ ನೋಡುತ್ತಿದ್ದರು. ಹೆಡ್‌ಮಿಸ್ ಕೇಳಿದರು: “ನಿನ್ನ ಹೆಸರೇನಮ್ಮಾ?”

ಮುಷ್ಟಿ ಎದ್ದಿತು, ನಡುಗಿತು, ಇಳಿಯಿತು. “ನನ್ನೆಸ್ರು ಸಿಂಚನ!”

“ಲೇ, ಮಾತಾಡ್ತದೆ ಕಣ್ಲಾ!” ಎಂದು ಮುಂದಿನ ಬೆಂಚಿನಿಂದ ಪಿಸುದನಿ. ಹೆಡ್‌ಮಿಸ್‌ರ ಹುಬ್ಬು ಮೇಲೇರಿತು. “ವೆರಿ ಗುಡ್. ನಿಮ್ಮ ತಂದೆ ಹೆಸರು?”

ಸಿಂಚನ ಅಪ್ಪನ ಫೋಟೋ ಒತ್ತಿದಳು. ಟಿಕ್. ಮತ್ತೆ ಒತ್ತಿದಳು. ಟಿಕ್. ಯಾರೋ ಕಿಸಕ್ಕನೆ ನಕ್ಕರು. ಬ್ಯಾಟರಿಯೇ? ವೈರೇ? ಓಡಿ ಹೋಗಿ ಬೇರೆ ಚೌಕ ಮುಟ್ಟಿದೆ, ಮಾತಾಡಿತು. ಅಪ್ಪನ ಚೌಕ ಮುಟ್ಟಿದೆ, ಮೌನ.

“ಪರವಾಗಿಲ್ಲ ಬಿಡಿ ಮೇಡಂ” ಎಂದರು ಹೆಡ್‌ಮಿಸ್, ದನಿ ತಗ್ಗಿಸಿ. “ಮೆಷಿನ್ ಅಲ್ವಾ, ಹೀಗೇ ಕೈ ಕೊಡುತ್ತೆ. ಅದಕ್ಕೇ ನಾನು ಹೇಳಿದ್ದು. ದಿನಾ ಹೀಗಾದ್ರೆ ನಾನು ಒಬ್ಬಳೇ ಏನು ಮಾಡ್ಲಿ? ಮನೆಯಲ್ಲೇ ಪಾಠ ಆದ್ರೆ ಮಗುವಿಗೂ ಆರಾಮ.”

ಸಿಂಚನ ನನ್ನನ್ನು ನೋಡುತ್ತಿರಲಿಲ್ಲ, ಹೆಡ್‌ಮಿಸ್‌ರನ್ನೂ ನೋಡುತ್ತಿರಲಿಲ್ಲ. ನೋಟ ಬಾಗಿಲಿಗೆ ನೆಟ್ಟಿತ್ತು. ಭಾಗ್ಯ ತಲೆ ತಗ್ಗಿಸಿ ಹೆಬ್ಬೆರಳಿನಿಂದ ನೆಲ ಕೆರೆಯುತ್ತಿದ್ದಳು. ಆಗ ಹೊಳೆಯಿತು ನನಗೆ. ಇವ್ರು. ಭಾನುವಾರದ ಮಾರನೇ ದಿನ. ಸೋಮವಾರ ಎಂದರೂ ಗಂಡನ ಹೆಸರಿನ ಮೊದಲರ್ಧ ನಾಲಿಗೆಗೆ ಬಂದುಬಿಡುತ್ತದೆಂದು ಆ ದಿನವನ್ನೇ ಸುತ್ತುಹಾಕಿ ದಾಟುವವಳಿಂದ ಗಂಡನ ಹೆಸರು ಹೇಳಿ ರೆಕಾರ್ಡ್ ಮಾಡು ಎಂದಿದ್ದೆ ನಾನು! ಅವಳು ಆ ಒಂದು ಚೌಕವನ್ನು ಹಾಗೇ ಬಿಟ್ಟಿದ್ದಳು. ನನಗೂ ಇದು ಗೊತ್ತಿಲ್ಲದ್ದೇನಲ್ಲ. ಕಾನ್ವೆಂಟಿನ ಮೆಟ್ಟಿಲು ಹತ್ತಿ ಇಳಿದ ನಾನೂ ನಮ್ಮ ಮನೆಯವರನ್ನು ಕೊನೆಯವರೆಗೂ ‘ರೀ’ ಎಂದೇ ಕರೆದವಳು.

“ಒಂದು ನಿಮಿಷ. ನಾನೇ ಹೇಳ್ತೀನಿ” ಎಂದು ಹಲಗೆಗೆ ಕೈ ಹಾಕಿದೆ.

“ಬ್ಯಾಡ ಅಂದ್ರೆ ಬ್ಯಾಡ!”

ಹೇಳಿದವಳು ಸಿಂಚನ. ನನ್ನ ಕೈಯನ್ನು ಮುಷ್ಟಿಯಿಂದ ಆಚೆ ತಳ್ಳಿದಳು.

“ಹಾಗಾದ್ರೆ ಅಪ್ಪನನ್ನೇ ಕರೀರಿ, ಅವರೇ ಹೇಳ್ಲಿ” ಎಂದರು ಹೆಡ್‌ಮಿಸ್.

“ಬ್ಯಾಡ ಅಂದ್ರೆ ಬ್ಯಾಡ!” ಮುಷ್ಟಿ ಅಲ್ಲಿಂದ ಎದ್ದು ಇನ್ನೊಂದು ಚೌಕಕ್ಕೆ ಹೋಯಿತು, ಮಚ್ಚೆಯಿರುವ ಭಾಗ್ಯಳ ಫೋಟೋದ ಮೇಲೆ. “ಅಮ್ಮ.” ಇನ್ನೊಂದು ಸಲ. “ಅಮ್ಮ.”

ಹೆಡ್‌ಮಿಸ್ ಕೈಯಲ್ಲಿದ್ದ ಚಾಕ್‌ಪೀಸನ್ನು ಟೇಬಲ್ ಮೇಲಿಟ್ಟರು. ಉತ್ತರ ಕೊಡುತ್ತಾಳೋ ಇಲ್ಲವೋ ನೋಡಬೇಕೆಂದಿದ್ದವರ ಎದುರಿಗೇ ಆ ಮಗು ಹೆಡ್‌ಮಿಸ್ ಮಾತನ್ನೇ ಬೇಡವೆಂದು ತಳ್ಳಿ, ತನಗೆ ಬೇಕಾದ್ದನ್ನು ಕೇಳಿತ್ತು. ಅವಳ ಮಾತೆಲ್ಲ ಅಮ್ಮನ ದನಿಯಲ್ಲಿದೆ. ಆ ಒಂದು ಮಾತಿಗೆ ಬೇರೆಯವರ ದನಿ ಯಾಕೆ?

ಭಾಗ್ಯ ಬಂದಳು. ಕಿವಿಯವರೆಗೂ ಕೆಂಪಾಗಿದ್ದಳು. “ಎಲ್ಲಾರ್ ಮುಂದ್ಲೂವೆ ಮರ್ವಾದೆ ಕಳೀತೀಯಲ್ಲೇ” ಎಂದು ಮಗಳ ಕಿವಿಯಲ್ಲಿ ಅಂದು, ಮಂಡಿಯೂರಿ ಕೂತಳು. ಒಂದು ಬೆರಳು ಕೆಂಪು ಗುಂಡಿಯ ಮೇಲೆ, ಇನ್ನೊಂದು ಗಂಡನ ಫೋಟೋದ ಮೇಲೆ. ಕಣ್ಣು ಮುಚ್ಚಿ ಉಸಿರೆಳೆದುಕೊಂಡಳು.

“ಸೋಮಶೇಖರ!”

ಮೆಲ್ಲಗೆ ಹೇಳಲು ಹೋಗಿ ಕೂಗೇ ಹೊರಟುಬಿಟ್ಟಿತ್ತು. ಹೇಳಿದವಳೇ ಸೆರಗನ್ನು ಮುಖದ ತುಂಬ ಎಳೆದುಕೊಂಡಳು. ವರಾಂಡದ ತುದಿಯಿಂದ ದಬದಬ ಹೆಜ್ಜೆ ಸದ್ದು. “ಯಾರು? ಯಾರ್ ಕರದ್ರು ನನ್ನ?” ಎಂದು ಸೋಮಶೇಖರ ಬಾಗಿಲಲ್ಲಿ ಪ್ರತ್ಯಕ್ಷರಾದರು. ಸಿಂಚನ ಮುಷ್ಟಿ ಇಳಿಸಿದಳು.

“ಸೋಮಶೇಖರ!” ಎಂದಿತು ಹಲಗೆ.

ಅವರು ಹಲಗೆ ನೋಡಿದರು, ಸೆರಗಿನೊಳಗಿನ ಹೆಂಡತಿಯನ್ನು ನೋಡಿದರು. ಮದುವೆಯಾಗಿ ಇಷ್ಟು ವರ್ಷಕ್ಕೆ ಮೊದಲ ಸಲ ಆ ದನಿಯಲ್ಲಿ ತನ್ನ ಹೆಸರು ಕೇಳಿದ್ದರು. ಏನು ಮಾಡಬೇಕೆಂದು ತೋಚದೆ ಶರ್ಟಿನ ಕಾಲರ್ ಸರಿಮಾಡಿಕೊಂಡರು. ಮಕ್ಕಳೆಲ್ಲ ಹೋ ಎಂದು ಚಪ್ಪಾಳೆ ಹೊಡೆದರು.

ಆಮೇಲೆ ಹೆಡ್‌ಮಿಸ್ ಬೋರ್ಡಿನ ಮೇಲೆ ಲೆಕ್ಕ ಬರೆದು ಕೆಳಗೆ ಮೂರು ಉತ್ತರ ಬರೆದರು. “ಎರಡ್ನೇದು!” ಸರಿ. ಇನ್ನೊಂದು. “ಒಂದ್ನೇದು!” ಸರಿ. ಮೂರನೆಯದಕ್ಕೆ “ಇನ್ನೊಂದ್ಸಲ ಯೋಳಿ!” ಎಂದಳು. ಹೆಡ್‌ಮಿಸ್ ಇನ್ನೊಂದು ಸಲ ಹೇಳಿದರು. ತಪ್ಪು ಉತ್ತರ ಒತ್ತಿದಳು. ತಲೆ ಅಲ್ಲಾಡಿಸಿ, ತಾನೇ ಸರಿಯಾದದ್ದಕ್ಕೆ ಬಂದಳು. ಅಷ್ಟು ಹೊತ್ತಿಗೆ ಪಕ್ಕದ ಬೆಂಚಿನ ಜುಟ್ಟಿನ ಹುಡುಗಿಯೊಬ್ಬಳು ಆಸೆ ತಡೆಯಲಾರದೆ ಕೈ ಚಾಚಿ ನೀರಿನ ಚೌಕ ಒತ್ತಿಬಿಟ್ಟಳು. ಸಿಂಚನಳ ಮುಷ್ಟಿ ಸರ್ರನೆ ಕೊನೆಯ ಚೌಕಕ್ಕೆ ಜಾರಿತು.

“ಏಯ್, ಸುಮ್ಕೆ ಕೂತ್ಕಳಲಾ!”

ಕ್ಲಾಸಿಗೆ ಕ್ಲಾಸೇ ಬಿದ್ದು ಬಿದ್ದು ನಕ್ಕಿತು. ಜುಟ್ಟಿನ ಹುಡುಗಿ, “ನೀನೇ ಕೂತ್ಕಳೆ!” ಎಂದು ತಿರುಗೇಟು ಕೊಟ್ಟಳು. ಬಾಗಿಲಲ್ಲಿ ನಿಂತ ಅಪ್ಪನ ಮುಖ ಅರಳಿದ್ದು ಆಗಲೇ. ಜಗಳ ಆಡಲು ಮಗಳಿಗೆ ಒಬ್ಬಳು ಸಿಕ್ಕಿದ್ದಳು.

ಹೆಡ್‌ಮಿಸ್ ನಗು ತಡೆದುಕೊಳ್ಳಲು ಬೋರ್ಡಿನ ಕಡೆ ತಿರುಗಿ ನಿಂತರು. ಮತ್ತೆ ಇತ್ತ ತಿರುಗಿ, “ಇವಳನ್ನ ಮನೆಯಲ್ಲಿ ಕೂರಿಸೋದಕ್ಕಾಗುತ್ತಾ ಮೇಡಂ? ಆ ಗೋಡೆಗಳಿಗೆ ಬೈದುಕೊಂಡು ಕೂರ್ತಾಳೆ. ಸೋಮವಾರದಿಂದ ದಿನಾ ಕಳಿಸಿ. ಆ ಜುಟ್ಟಿನವಳ ಪಕ್ಕದಲ್ಲೇ ಜಾಗ” ಎಂದರು.

“ಆಯ್ತು ಮಿಸ್” ಎಂದಳು ಭಾಗ್ಯ, ಕಣ್ಣೀರು ಒರೆಸಿಕೊಳ್ಳುತ್ತ. “ಭಾನ್ವಾರದ್ ಮಾರ್ನೇ ದಿನ ತಪ್ದಲೆ ಕಳಿಸ್ತೀನಿ.”

ಊಟ ಭಾಗ್ಯಳ ತವರಿನಲ್ಲಿ: ಪಾಯಸ, ಕೋಸಂಬರಿ, ಎಳನೀರು. ಊಟದ ನಡುವೆ ಊರಿನ ಅಜ್ಜಿಗೆ ಫೋನ್ ಮಾಡಿದೆವು. ಸ್ಪೀಕರ್ ಹಾಕಿದ್ದೇ ತಡ, ಸಿಂಚನ ಅಪ್ಪನ ಚೌಕ ಒತ್ತಿದಳು. “ಸೋಮಶೇಖರ!” ಭಾಗ್ಯ ಗಾಬರಿಯಾಗಿ, “ಅತ್ತೆ, ಸ್ಕೂಲ್‌ನೋರು ಕೇಳುದ್ರು ಅಂತ...” ಎಂದು ತೊದಲಿದಳು. ಅಜ್ಜಿಯ ನಗು ಕೇಳಿಸಿತು. “ಯೋಳು ಬುಡವ್ವ. ಬಾಯ್ತುಂಬ ಯೋಳು. ನಿಮ್ ಮಾವ್ನೋರ್ ಎಸ್ರು ಎಷ್ಟ್ ಚಂದಾಗಿತ್ತು. ಇರೋಗಂಟ ಒಂದಿನ ಕರೀನಿಲ್ಲ ನಾನು.” ನಾನು ಎಳನೀರಿನ ಬುರುಡೆಯನ್ನೇ ನೋಡುತ್ತ ಕೂತೆ. ನಮ್ಮ ಮನೆಯವರ ಹೆಸರೂ ಚೆನ್ನಾಗಿಯೇ ಇತ್ತು.

ಮೂರು ಗಂಟೆಯ ಹೊತ್ತಿಗೆ ಎಲ್ಲರೂ ನನ್ನನ್ನು ಬೀಳ್ಕೊಡಲು ಬಸ್ ಸ್ಟ್ಯಾಂಡಿಗೆ ಬಂದರು. ಬೆಂಗಳೂರಿಂದ ಹಾಸನಕ್ಕೆ ಹೋಗುವ ಬಸ್ಸುಗಳು ಒಂದರ ಹಿಂದೆ ಒಂದು. ದಾರಿಯುದ್ದಕ್ಕೂ ಸಿಂಚನ ಆ ಒಂದೇ ಚೌಕವನ್ನು ಒತ್ತುತ್ತ ಬಂದಳು. ಪ್ರತಿ ಸಲವೂ ಸೋಮಶೇಖರ “ಏನ್ ಮಗಾ” ಎನ್ನುವರು, ಪ್ರತಿ ಸಲವೂ ಭಾಗ್ಯ, “ನಾನಲ್ಲ, ಅವ್ಳು ಕರದ್ದು” ಎನ್ನುವಳು. ಎಳನೀರಿನ ಗಾಡಿಯವನೊಬ್ಬ ಎರಡು ಸಲ ತಿರುಗಿ ನೋಡಿದ. ಅವನ ಹೆಸರೂ ಅದೇ ಇತ್ತೋ ಏನೋ.

ಬಸ್ ಹತ್ತಿ ಕಿಟಕಿ ಪಕ್ಕ ಕೂತೆ. ತೊಡೆ ಖಾಲಿಯಾಗಿತ್ತು. ಮೊನ್ನೆ ಅವಚಿಕೊಂಡು ಬಂದಿದ್ದ ಟವೆಲ್ ಮಾತ್ರ ಬ್ಯಾಗಿನಲ್ಲಿತ್ತು. ಅಷ್ಟರಲ್ಲಿ ಸೋಮಶೇಖರ, “ಒಂದು ಎಳನೀರಾದ್ರೂ ದಾರೀಗೆ ಕೊಡ್ಬೇಕಿತ್ತಲ್ಲ” ಎಂದು ಗಾಡಿಯ ಕಡೆ ಓಡಿದರು. ಬಸ್ ಹೊರಟೇಬಿಟ್ಟಿತು. ನಾನು ಕಿಟಕಿಯಿಂದ ತಲೆ ಹೊರಹಾಕಿ ಕೈ ಬೀಸಿದೆ. ಸಿಂಚನ ಎಡಮುಷ್ಟಿಯನ್ನು ತಲೆಗಿಂತ ಮೇಲೆತ್ತಿ ನನ್ನ ಕಡೆಗೇ ಆಡಿಸುತ್ತಿದ್ದಳು. ಹಲಗೆ ಅವಳ ತೊಡೆಯ ಮೇಲೆ ಸುಮ್ಮನೆ ಬಿಸಿಲು ಕಾಯುತ್ತಿತ್ತು.

“ಸೋಮಶೇಖರ!” ಎಂದು ಬಸ್ ಸ್ಟ್ಯಾಂಡಿನ ಗದ್ದಲವನ್ನು ಸೀಳಿಕೊಂಡು ದನಿ ಬಂತು. “ಬಸ್ ಓಯ್ತಾ ಅದೆ, ಬಿರ್ನೆ ಬನ್ನಿ!”

ಗಾಡಿಯ ಹತ್ತಿರದಿಂದ ಅವರು “ಓ, ಬಂದೆ!” ಎಂದರು. ಭಾಗ್ಯ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡದ್ದು, ಮಗಳು ಕತ್ತೆತ್ತಿ ಅಮ್ಮನನ್ನು ನೋಡಿ ನಕ್ಕದ್ದು, ಬಸ್ ತಿರುವು ತೆಗೆದುಕೊಳ್ಳುವವರೆಗೂ ನನಗೆ ಕಾಣುತ್ತಿತ್ತು.